ಕಸಿಯವರೆಗೆ ಒಯ್ಯುವ ಶ್ವಾಸರೋಗಗಳು

ಹೃದಯ, ಯಕೃತ್ತು, ಮೂತ್ರಪಿಂಡ ಮೊದಲಾದ ಅವಯವಗಳನ್ನು ಪ್ರಕೃತಿಯು ದೇಹದೊಳಗೆ ಭದ್ರವಾಗಿ ಮುಚ್ಚಿಟ್ಟಿದೆ. ಶ್ವಾಸಕೋಶಕ್ಕಾದರೋ ಆ ಭಾಗ್ಯವಿಲ್ಲ. ಹುಟ್ಟಿದ ಗಳಿಗೆಯಿಂದ ಕೊನೆಯ ಉಸಿರಿನವರೆಗೆ ಅದು ಹೊರಗಿನ ಗಾಳಿಗೆ ತೆರೆದೇ ಇರತಕ್ಕದ್ದು. ಆ ಗಾಳಿಯಲ್ಲಿ ಪ್ರಾಣವಾಯುವಿನೊಡನೆ ಹೊಗೆ, ಧೂಳು, ಬೂಷ್ಟು, ರೋಗಾಣು ಏನೇನು ಬೆರೆತಿದ್ದರೂ ಅಷ್ಟನ್ನೂ ಒಳಗೆ ಬರಮಾಡಿಕೊಳ್ಳುವುದು ಅದಕ್ಕೆ ಅನಿವಾರ್ಯ. ಈ ದೌರ್ಬಲ್ಯವನ್ನು ಸರಿದೂಗಿಸಲೋ ಎಂಬಂತೆ ಅದಕ್ಕೆ ವಿಪುಲವಾದ ಮೀಸಲು ಶಕ್ತಿ ದತ್ತವಾಗಿದೆ. ಪ್ರೌಢ ಮನುಷ್ಯನ ಎದೆಯಲ್ಲಿ ಸುಮಾರು 48 ಕೋಟಿ ವಾಯುಕೋಶಗಳಿವೆಯೆಂದು ಅಂಗರಚನಾಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಇವುಗಳಲ್ಲಿ ದೊಡ್ಡದೊಂದು ಪಾಲು ನಷ್ಟವಾದರೂ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುವವನಿಗೆ ಅದರ ಸುಳಿವೇ ಹತ್ತುವುದಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಅದು ವಯಸ್ಸಿನ ಧರ್ಮವೆಂದು ಆತ ಸಮಾಧಾನಪಟ್ಟುಕೊಳ್ಳುತ್ತಾನೆ. ಮನೆಯವರೂ ಹಾಗೆಯೇ ಹೇಳುತ್ತಾರೆ. ವೈದ್ಯನೆದುರು ಬಂದು ನಿಲ್ಲುವ ಹೊತ್ತಿಗೆ ರೋಗವು ಬಹುದೂರ ನಡೆದಿರುತ್ತದೆ.

ಯಾವ ಯಾವ ರೋಗಗಳು ಶ್ವಾಸಕೋಶದ ಕಸಿಯವರೆಗೆ ಒಯ್ಯುತ್ತವೆ ಎಂಬ ಪ್ರಶ್ನೆಗೆ ವೈದ್ಯಗ್ರಂಥಗಳಲ್ಲಿ ಉದ್ದನೆಯ ಪಟ್ಟಿಯೇ ಉಂಟು. ಆದರೆ ಆ ಪಟ್ಟಿಯನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ವಿಷಯದ ಮರ್ಮ ಕೈಗೆ ಸಿಕ್ಕಿತೆಂದು ಭಾವಿಸಬಾರದು. ಏಕೆಂದರೆ ಅದೇ ರೋಗವಿರುವ ಇಬ್ಬರಲ್ಲಿ ಒಬ್ಬನು ಇಪ್ಪತ್ತು ವರ್ಷ ಔಷಧಿಯಲ್ಲಿಯೇ ಕಾಲ ಕಳೆಯಬಹುದು, ಇನ್ನೊಬ್ಬನು ಎರಡೇ ವರ್ಷದಲ್ಲಿ ಶಸ್ತ್ರವೈದ್ಯನ ಬಾಗಿಲಿಗೆ ಬರಬಹುದು. ರೋಗದ ಹೆಸರಿಗಿಂತ ರೋಗದ ವೇಗವೇ ಇಲ್ಲಿ ನಿರ್ಣಾಯಕವೆಂಬುದು ಈ ಲೇಖಕನ ಅಭಿಪ್ರಾಯ; ಮುಂದಿನ ಸಮೀಕ್ಷೆಯನ್ನು ಓದುಗರು ಆ ದೃಷ್ಟಿಯಿಂದಲೇ ಪರಾಂಬರಿಸಬೇಕು.

ಮೊದಲಿಗೆ ಅತ್ಯಂತ ವ್ಯಾಪಕವಾದದ್ದನ್ನು ತೆಗೆದುಕೊಳ್ಳೋಣ. ಈಗ ಎಲ್ಲರೂ ಸಿಓಪಿಡಿ ಎಂದು ಕರೆಯುವ ದೀರ್ಘಕಾಲದ ಉಬ್ಬಸದ ವ್ಯಾಧಿಯಲ್ಲಿ ಶ್ವಾಸನಾಳಗಳು ಕಫದಿಂದಲೂ ಊತದಿಂದಲೂ ಕಿರಿದಾಗುವುದು ಒಂದು ಬಗೆ. ವಾಯುಕೋಶಗಳ ನಡುವಣ ತೆಳುಗೋಡೆಗಳು ಕರಗಿಹೋಗಿ, ಸಣ್ಣ ಸಣ್ಣ ಕೋಶಗಳ ಸ್ಥಾನದಲ್ಲಿ ದೊಡ್ಡ ದೊಡ್ಡ ಜೋಲು ಪೊಳ್ಳುಗಳು ಉಳಿಯುವುದು ಇನ್ನೊಂದು ಬಗೆ. ಎಂಫಿಸೀಮಾ ಎಂಬ ಈ ಎರಡನೆಯದನ್ನು ಪ್ಯಾರಿಸಿನ ರೆನೆ ಲೆನೆಕ್ಕನು 1819ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ವಿಶದವಾಗಿ ವರ್ಣಿಸಿದನು. 1816ರಲ್ಲಿ ಸ್ಟೆತಸ್ಕೋಪನ್ನು ಕಂಡುಹಿಡಿದವನೂ ಅವನೇ. ಎದೆಯ ಸದ್ದುಗಳನ್ನು ಲೋಕಕ್ಕೆ ಕೇಳಿಸಿಕೊಟ್ಟ ಆ ಮಹಾನುಭಾವನು 1826ರಲ್ಲಿ ಕ್ಷಯದಿಂದಲೇ ತೀರಿಕೊಂಡದ್ದು ವಿಧಿಯ ವಿಡಂಬನೆ. ಈ ರೋಗದಲ್ಲಿ ಉಸಿರು ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬಾರದು. ಹಳೆಯ ಗಾಳಿ ಎದೆಯಲ್ಲಿಯೇ ಕಟ್ಟಿನಿಂತು, ಹೊಸ ಗಾಳಿಗೆ ಎಡೆಯಿಲ್ಲದೆ, ರೋಗಿಯು ಎರಡು ಕೈಗಳನ್ನೂ ಮೊಣಕಾಲಿನ ಮೇಲೆ ಊರಿ, ತುಟಿಗಳನ್ನು ಶಿಳ್ಳೆ ಹಾಕುವವನಂತೆ ಕೂಡಿಸಿ, ಮೆಲ್ಲಮೆಲ್ಲನೆ ಉಸಿರನ್ನು ಹೊರಹಾಕುತ್ತಾನೆ.

ಧೂಮಪಾನವೇ ಇದರ ಪ್ರಧಾನ ಕಾರಣವೆಂದು ಪಾಶ್ಚಾತ್ಯ ಗ್ರಂಥಗಳು ಹೇಳುತ್ತವೆ, ಅದು ನಿಜ. ಬೀಡಿ ಸಿಗರೇಟುಗಳ ಮೇಲೆ ಉಪನ್ಯಾಸ ಮಾಡುವ ಇಚ್ಛೆ ನನಗಿಲ್ಲ. ಆ ಕೆಲಸವನ್ನು ಪೊಟ್ಟಣದ ಮೇಲಿನ ಚಿತ್ರಗಳು ಮಾಡುತ್ತಲೇ ಇವೆ, ಫಲವೆಷ್ಟೆಂಬುದು ಬೇರೆ ಮಾತು. ಆದರೆ ನಮ್ಮ ದೇಶದಲ್ಲಿ ಬೀಡಿಯನ್ನು ಕೈಯಿಂದ ಮುಟ್ಟದ ಹೆಂಗಸರೂ ಇದೇ ವ್ಯಾಧಿಯಿಂದ ನರಳುತ್ತಿರುವುದಕ್ಕೆ ಕಾರಣವನ್ನು ಅಡಿಗೆಮನೆಯಲ್ಲಿ ಹುಡುಕಬೇಕು. ಹಸಿ ಕಟ್ಟಿಗೆ, ಬೆರಣಿ, ತೊಗರಿಕಡ್ಡಿಗಳನ್ನು ಒಲೆಗೆ ತುರುಕಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಊದುಗೊಳವೆಯನ್ನು ಬಾಯಿಗಿಟ್ಟು ಊದುವ ಹೆಂಗಸು, ಪ್ರತಿ ಊದಿಗೂ ಮುನ್ನ ಎಳೆದುಕೊಳ್ಳುವ ದೀರ್ಘಶ್ವಾಸದಲ್ಲಿ ಆ ಒಲೆಯ ಹೊಗೆಯನ್ನೇ ಎಳೆದುಕೊಳ್ಳುತ್ತಾಳೆ. ಹೀಗೆ ದಿನಕ್ಕೆ ಎರಡು ಹೊತ್ತು, ಮೂವತ್ತು ನಲವತ್ತು ವರ್ಷ. 2016ರ ಹೊತ್ತಿಗೆ ಭಾರತದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಈ ವ್ಯಾಧಿಯಿತ್ತೆಂಬ ಅಂದಾಜನ್ನು ನೋಡಿದಾಗ ಈ ಒಲೆಗಳ ನೆನಪಾಗದೆ ಇರದು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಹೊರಬಂದ ಅಸ್ತ್ರ ಒಲೆ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳಿಸಿ ಕರ್ನಾಟಕದ ಎಷ್ಟೋ ಅಡಿಗೆಮನೆಗಳ ಗೋಡೆಯನ್ನು ಮಸಿಯಿಂದ ಬಿಡಿಸಿತು. ಕಟ್ಟಿಗೆಯ ಉಳಿತಾಯಕ್ಕೆಂದು ಹೊಗಳಲ್ಪಟ್ಟ ಆ ಒಲೆಗೆ ಶ್ವಾಸರೋಗ ನಿವಾರಣೆಯ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಈ ಕೋಟಿಗಟ್ಟಲೆ ರೋಗಿಗಳಲ್ಲಿ ಕಸಿಯವರೆಗೆ ಹೋಗಬೇಕಾದವರು ಅತ್ಯಲ್ಪ. ಉಬ್ಬಸದ ಈ ವ್ಯಾಧಿ ಮಂದಗಾಮಿ. ದಿನಕ್ಕೆ 15 ಗಂಟೆಗೆ ಕಡಿಮೆಯಿಲ್ಲದೆ ಆಮ್ಲಜನಕ ಕೊಡುವುದರಿಂದ, ರಕ್ತದಲ್ಲಿ ಅದರ ಕೊರತೆ ತೀವ್ರವಾಗಿರುವವರ ಆಯುಸ್ಸು ಹೆಚ್ಚುತ್ತದೆಂದು 1980-81ರಲ್ಲಿಯೇ ಸಿದ್ಧವಾಯಿತು. ದೇಹದ ತೂಕ, ಶ್ವಾಸನಾಳದ ಅಡಚಣೆ, ಏದುಸಿರಿನ ಪ್ರಮಾಣ, ನಡೆಯುವ ಶಕ್ತಿ ಈ ನಾಲ್ಕನ್ನು ಕೂಡಿಸಿ ಹತ್ತಕ್ಕೆ ಅಂಕ ಹಾಕುವ ‘ಬೋಡ್’ ಎಂಬ ಮಾನದಲ್ಲಿ 7 ಅಥವಾ ಹೆಚ್ಚು ಬಂದವನನ್ನು ಕಸಿಗೆ ಯೋಗ್ಯನೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ನಲವತ್ತರ ಆಸುಪಾಸಿನಲ್ಲಿಯೇ ಎಂಫಿಸೀಮಾ ಕಾಣಿಸಿದರೆ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ರಕ್ಷಕ ಪ್ರೋಟೀನಿನ ಆನುವಂಶಿಕ ಅಭಾವವನ್ನು ಶಂಕಿಸಬೇಕು. ಇದನ್ನು ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ 1963ರಲ್ಲಿ ಗುರುತಿಸಿದರು. ಯೂರೋಪಿನ ಜನರಲ್ಲಿ ಇದು ಹೆಚ್ಚು, ನಮ್ಮಲ್ಲಿ ವಿರಳ.

ಇದಕ್ಕೆ ತೀರ ವಿರುದ್ಧವಾದ ಸ್ವಭಾವ ಫೈಬ್ರೋಸಿಸ್ಸಿನದು. ಎಂಫಿಸೀಮಾದಲ್ಲಿ ಶ್ವಾಸಕೋಶವು ಜೋತುಬಿದ್ದರೆ ಇಲ್ಲಿ ಅದು ಕುಗ್ಗಿ ಬಿರುಸಾಗುತ್ತದೆ. ವಾಯುಕೋಶಗಳ ನಡುವಣ ಸೂಕ್ಷ್ಮ ಪೊರೆಗಳಲ್ಲಿ ಗಾಯದ ಕಲೆಯಂತಹ ನಾರು ಬೆಳೆದು, ಗಾಳಿಗೂ ರಕ್ತಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ರೋಗಿಗೆ ಒಣಕೆಮ್ಮು, ನಡೆದರೆ ಏದುಸಿರು; ಬೆರಳ ತುದಿಗಳು ಉಬ್ಬಿ ಉಗುರು ಗುಂಡಗಾಗುತ್ತದೆ. ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪನ್ನಿಟ್ಟು, ಆಳವಾಗಿ ಉಸಿರೆಳೆದುಕೊಳ್ಳಲು ಹೇಳಿದರೆ, ಉಸಿರಿನ ಕೊನೆಯಲ್ಲಿ ಮಕ್ಕಳ ಶಾಲೆಯ ಚೀಲದ ವೆಲ್ಕ್ರೋ ಪಟ್ಟಿಯನ್ನು ಮೆಲ್ಲಗೆ ಕಿತ್ತಂತೆ ಪರಪರ ಸದ್ದು ಕೇಳುತ್ತದೆ. ಈ ಒಂದು ಸದ್ದನ್ನು ಗಮನವಿಟ್ಟು ಕೇಳುವ ವೈದ್ಯನು ರೋಗಿಗೆ ಒಂದೆರಡು ವರ್ಷ ಉಳಿಸಿಕೊಟ್ಟಂತೆಯೇ ಸರಿ. ಏಕೆಂದರೆ ನಮ್ಮಲ್ಲಿ ಇಂತಹ ಅನೇಕರು ಮೊದಲು ಅಸ್ತಮಾಕ್ಕೂ, ಆ ಮೇಲೆ ಕ್ಷಯಕ್ಕೂ ಚಿಕಿತ್ಸೆ ಪಡೆದು, ಎರಡೂ ಫಲಿಸದೆ, ಕಡೆಗೆ ಸಿ.ಟಿ. ಸ್ಕ್ಯಾನಿಗೆ ಬರುತ್ತಾರೆ.

ಕಾರಣವೇ ಗೊತ್ತಾಗದ ಫೈಬ್ರೋಸಿಸ್, ಅಂದರೆ ಐಪಿಎಫ್ ಎಂಬುದು, ಸಾಮಾನ್ಯವಾಗಿ ಅರವತ್ತರ ಸುತ್ತಿನ ವಯಸ್ಸಿನವರಿಗೆ ಬರುವ ವ್ಯಾಧಿ. ಚಿಕಿತ್ಸೆಯಿಲ್ಲದಿದ್ದರೆ ನಿದಾನವಾದ ದಿನದಿಂದ ಮೂರರಿಂದ ಐದು ವರ್ಷವೇ ಸರಾಸರಿ ಆಯುಸ್ಸು ಎಂದು ಹೇಳುತ್ತಾರೆ. ಅನೇಕ ಕ್ಯಾನ್ಸರುಗಳಿಗಿಂತ ಇದು ನಿಷ್ಠುರ. ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡು ಔಷಧಗಳು 2014ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದವು. ನಾರಿನ ಬೆಳವಣಿಗೆಯನ್ನು ಇವು ನಿಧಾನಗೊಳಿಸುತ್ತವೆ, ಬೆಳೆದ ನಾರನ್ನು ಕರಗಿಸಲಾರವು. ನಮ್ಮ ದೇಶದ ಚಿತ್ರ ಸ್ವಲ್ಪ ಬೇರೆ. 19 ನಗರಗಳ 27 ಆಸ್ಪತ್ರೆಗಳಿಂದ 1,084 ರೋಗಿಗಳನ್ನು ದಾಖಲು ಮಾಡಿಕೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಯುಕೋಶಗಳ ನಡುವಣ ಪೊರೆಗಳ ರೋಗವಿದ್ದ ಇವರ ಪೈಕಿ ನೂರಕ್ಕೆ 47 ಮಂದಿಗೆ ಇದ್ದದ್ದು ಉಸಿರಿನಲ್ಲಿ ಬಂದ ಜೈವಿಕ ಧೂಳಿಗೆ ದೇಹವು ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಉಂಟಾಗುವ ಬಗೆ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಮನೆಯಲ್ಲಿ ನೀರಿನ ಕೂಲರನ್ನು ಬಳಸುತ್ತಿದ್ದವರು. ಬೇಸಗೆಯುದ್ದಕ್ಕೂ ತೇವವಾಗಿರುವ ಅದರ ಹುಲ್ಲಿನ ಪಟ್ಟಿಯಲ್ಲಿ ಬೂಷ್ಟು ಬೆಳೆದು, ಬೀಸಣಿಗೆಯು ಅದನ್ನೇ ಮಲಗಿದವರ ಮುಖಕ್ಕೆ ತೂರುತ್ತದೆ. ಪಾರಿವಾಳದ ಹಿಕ್ಕೆ ಮತ್ತು ಗರಿಗಳ ಧೂಳೂ ಇಂತಹದೇ ಶತ್ರು. ಬಹುಮಹಡಿ ಮನೆಗಳ ಬಾಲ್ಕನಿಯಲ್ಲಿ ದಿನವೂ ಕಾಳು ಚೆಲ್ಲಿ ಪಾರಿವಾಳ ಸಾಕುವ ಪುಣ್ಯಕಾರ್ಯವನ್ನು ಕುರಿತು ನಗರವಾಸಿಗಳು ಮರುಚಿಂತನೆ ಮಾಡುವುದೊಳ್ಳೆಯದು. ಕಾರಣವನ್ನು ಬೇಗ ಗುರುತಿಸಿ ದೂರಮಾಡಿದರೆ ಈ ಬಗೆಯು ಎಷ್ಟೋ ವೇಳೆ ನಿಲ್ಲುತ್ತದೆ. ತಡವಾದರೆ ಇದೂ ಐಪಿಎಫ್‌ನ ದಾರಿಯನ್ನೇ ಹಿಡಿಯುತ್ತದೆ.

ಧೂಳಿನ ಪ್ರಸ್ತಾಪ ಬಂದಮೇಲೆ ಕೋಲಾರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2001ರಲ್ಲಿ ಮುಚ್ಚುವವರೆಗೆ ಸರಿಸುಮಾರು 120 ವರ್ಷ ನಡೆದ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲನ್ನು ಕೊರೆದವರ ಎದೆಯಲ್ಲಿ ಸಿಲಿಕಾ ಧೂಳು ಕುಳಿತು ಸಿಲಿಕೋಸಿಸ್ ಆಯಿತು. ಭಾರತದಲ್ಲಿ ಈ ರೋಗದ ಮೊದಲ ವರದಿಗಳು ಬಂದದ್ದು 1940ರ ದಶಕದಲ್ಲಿ ಅಲ್ಲಿಂದಲೇ. ಧೂಳಿನ ಕೆಲಸ ಬಿಟ್ಟಮೇಲೂ ಮುಂದುವರಿಯುವುದು ಈ ರೋಗದ ಕ್ರೌರ್ಯ. ಕಸಿಯ ಚರಿತ್ರೆಯಲ್ಲಿ ಸಿಲಿಕೋಸಿಸ್ಸಿಗೆ ಒಂದು ವಿಶೇಷ ಸ್ಥಾನವುಂಟು: 1968ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ನಗರದಲ್ಲಿ ಫ್ರಿಟ್ಸ್ ಡೆರೋಮ್ ಎಂಬ ಶಸ್ತ್ರವೈದ್ಯನು ಹೊಸ ಶ್ವಾಸಕೋಶವನ್ನು ಕೂಡಿಸಿದ 23 ವರ್ಷದ ಕಾರ್ಮಿಕನಿಗೆ ಇದ್ದದ್ದು ಇದೇ ರೋಗ. ಅವನು ಹತ್ತು ತಿಂಗಳು ಬದುಕಿದನು. ಆ ಕಾಲಕ್ಕೆ ಅದೇ ದೊಡ್ಡ ದಾಖಲೆ. ಗಣಿಗಳೊಂದಿಗೆ ರೋಗವೂ ಮುಚ್ಚಿಹೋಯಿತೆಂದು ಲೋಕವು ನಂಬಿದ್ದಾಗ, 2012ರಲ್ಲಿ ಇಸ್ರೇಲಿನ ವೈದ್ಯರು, ಅಡಿಗೆಮನೆಯ ಕಟ್ಟೆಗೆ ಹಾಸುವ ಕೃತಕ ಶಿಲೆಯನ್ನು ಕೊಯ್ಯುತ್ತಿದ್ದ 25 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 10 ಮಂದಿಗೆ ಆಗಲೇ ಕಸಿಯಾಗಿತ್ತು. 2024ರ ಜುಲೈ 1ರಿಂದ ಆಸ್ಟ್ರೇಲಿಯವು ಅಂತಹ ಶಿಲೆಯನ್ನೇ ನಿಷೇಧಿಸಿತು. ಕಟ್ಟೆ ಥಳಥಳಿಸಲೆಂದು ಇನ್ನೊಬ್ಬನ ಎದೆ ಕಲ್ಲಾಗುವುದನ್ನು ನಾಗರಿಕತೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಶ್ವಾಸನಾಳಗಳು ಹಿಗ್ಗಿ, ಕಫ ಮಡುಗಟ್ಟಿ, ಸೋಂಕು ಶಾಶ್ವತವಾಗಿ ನೆಲೆಸುವ ಬ್ರಾಂಕಿಯೆಕ್ಟಾಸಿಸ್ ಎಂಬುದನ್ನೂ ಲೆನೆಕ್ಕನೇ ಮೊದಲು ವರ್ಣಿಸಿದನು. ನಮ್ಮಲ್ಲಿ ಇದಕ್ಕೆ ದೊಡ್ಡ ಮೂಲ ಹಳೆಯ ಕ್ಷಯ: ರೋಗಾಣು ಸತ್ತು, ‘ವಾಸಿಯಾಗಿದೆ’ ಎಂಬ ಚೀಟಿಯೂ ಕೈಗೆ ಬಂದು, ಶ್ವಾಸಕೋಶ ಮಾತ್ರ ಜೀರ್ಣವಾಗಿ ಉಳಿಯುತ್ತದೆ. ಪಶ್ಚಿಮದಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗ. ಇಂತಹವರಿಗೆ ಎರಡು ಶ್ವಾಸಕೋಶಗಳನ್ನೂ ಬದಲಿಸಲೇಬೇಕು. ಒಂದನ್ನು ಉಳಿಸಿದರೆ ಅದರ ಸೋಂಕು ಹೊಸದಕ್ಕೆ ಹರಿಯುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ಸಿನ ಜೀನು 1989ರಲ್ಲಿ ಸಿಕ್ಕಿತು. ಆ ಜೀನಿನ ದೋಷದಿಂದ ಕೆಟ್ಟ ಪ್ರೋಟೀನನ್ನೇ ಸರಿಪಡಿಸುವ ಮೂರು ಔಷಧಗಳ ಸಂಯೋಗವು 2019ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಬಳಿಕ, ಅಲ್ಲಿ ಈ ರೋಗಕ್ಕಾಗಿ ಮಾಡುವ ಕಸಿಗಳ ಸಂಖ್ಯೆ ತೀವ್ರವಾಗಿ ಇಳಿಯಿತು. ಒಂದು ರೋಗವು ಕಸಿಯ ಪಟ್ಟಿಯಿಂದ ಹೀಗೆ ಕಣ್ಣೆದುರಿಗೇ ಹಿಂದೆ ಸರಿದದ್ದು ಅಪೂರ್ವ ಸಂಗತಿ. ಆ ಔಷಧದ ಬೆಲೆ ಮಾತ್ರ ನಮ್ಮಂತಹವರ ಊಹೆಗೂ ನಿಲುಕದು.

ಶ್ವಾಸಕೋಶದ ಧಮನಿಗಳ ಅಧಿಕ ರಕ್ತದೊತ್ತಡವು ಗಾಳಿಯ ದಾರಿಯನ್ನು ಬಿಟ್ಟು ರಕ್ತದ ದಾರಿಯನ್ನು ಕೆಡಿಸುವ ವ್ಯಾಧಿ. ಬಹುಮಟ್ಟಿಗೆ ಎಳೆಯ ವಯಸ್ಸಿನ ಹೆಂಗಸರನ್ನು ಹಿಡಿಯುತ್ತದೆ. ಹೃದಯದ ಬಲಭಾಗವು ಈ ಒತ್ತಡದೆದುರು ಹೋರಾಡಿ ಸೋಲುವುದರಿಂದ, 1981ರ ಮಾರ್ಚಿಯಲ್ಲಿ ಸ್ಟ್ಯಾನ್‌ಫರ್ಡಿನ ಬ್ರೂಸ್ ರೈಟ್ಸ್ ಎಂಬವರು ಇಂತಹ ರೋಗಿಯೊಬ್ಬಳಿಗೆ ಹೃದಯ ಮತ್ತು ಶ್ವಾಸಕೋಶಗಳನ್ನು ಒಟ್ಟಿಗೆ ಕೂಡಿಸಿದರು. ಆಕೆ ಐದು ವರ್ಷ ಬದುಕಿದಳು. ಆಗ ಈ ರೋಗಕ್ಕೆ ನಿದಾನದಿಂದ ಮೂರು ವರ್ಷವೂ ಸರಾಸರಿ ಆಯುಸ್ಸಿರಲಿಲ್ಲ. 1995ರಿಂದೀಚೆಗೆ ಬಂದ ಔಷಧಗಳು ಈಗ ಅನೇಕರನ್ನು ಕಸಿಯಿಂದ ದೂರವಿರಿಸಿವೆ. ಬಾಲ್ಯದಲ್ಲಿ ಮುಚ್ಚದೆ ಬಿಟ್ಟ ಹೃದಯದ ರಂಧ್ರದಿಂದಲೂ ಇದೇ ಅವಸ್ಥೆ ಪ್ರಾಪ್ತವಾಗುವುದುಂಟು. ಸಕಾಲದಲ್ಲಿ ಆ ರಂಧ್ರವನ್ನು ಮುಚ್ಚಿದ್ದರೆ ತಪ್ಪುತ್ತಿದ್ದ ಕಷ್ಟವದು. ಸಾರ್ಕಾಯ್ಡೋಸಿಸ್, ಹೆಂಗಸರಿಗೇ ಬರುವ ‘ಲ್ಯಾಮ್’ ಮೊದಲಾದ ವಿರಳ ರೋಗಗಳನ್ನು ಇಲ್ಲಿ ಹೆಸರಿಸಿ ಬಿಡುತ್ತೇನೆ. 2020ರ ಮಹಾಮಾರಿಯಲ್ಲಿ ಕೆಲವರ ಶ್ವಾಸಕೋಶಗಳು ವಾರಗಳಲ್ಲಿಯೇ ನಾಶವಾದುದರಿಂದ ಜೂನಿನಲ್ಲಿ ಶಿಕಾಗೋದಲ್ಲಿ, ಆಗಸ್ಟಿನಲ್ಲಿ ಚೆನ್ನೈಯಲ್ಲಿ ಕೋವಿಡ್ ರೋಗಿಗಳಿಗೆ ಕಸಿ ನಡೆಯಿತು. ಆದರೆ ತಾನಾಗಿಯೇ ಚೇತರಿಸಿಕೊಳ್ಳುವವರೂ ಇದ್ದುದರಿಂದ ನಾಲ್ಕಾರು ವಾರ ಕಾದು ನೋಡಿಯೇ ನಿರ್ಧರಿಸಬೇಕೆಂದು ತಜ್ಞರು ಕಟ್ಟಪ್ಪಣೆ ಮಾಡಿದರು.

ಇನ್ನು ಕಸಿಯ ವಿಚಾರ. ಮನುಷ್ಯನಲ್ಲಿ ಮೊದಲ ಶ್ವಾಸಕೋಶ ಕಸಿ 1963ರ ಜೂನ್ 11ರಂದು ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿಯಿಂದ ನಡೆಯಿತು. ರೋಗಿಯು 18 ದಿನ ಬದುಕಿದನು. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಲೋಕದಲ್ಲಿ ನಡೆದ ನಲವತ್ತರಷ್ಟು ಪ್ರಯತ್ನಗಳಲ್ಲಿ ಗೆಂಟಿನ ಆ ಕಾರ್ಮಿಕನನ್ನು ಮೀರಿ ಯಾರೂ ಬಾಳಲಿಲ್ಲ. ಹೊಸ ಶ್ವಾಸನಾಳವನ್ನು ಹಳೆಯದಕ್ಕೆ ಹೊಲಿದ ಜಾಗದಲ್ಲಿ ರಕ್ತಸಂಚಾರ ಸಾಲದೆ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ದೇಹದ ನಿರಾಕರಣೆಯನ್ನು ತಡೆಯಲು ಕೊಡುತ್ತಿದ್ದ ಸ್ಟೀರಾಯ್ಡುಗಳು ಆ ಗಾಯವನ್ನು ಮಾಯಗೊಡುತ್ತಿರಲಿಲ್ಲ. ನಾರ್ವೆಯ ಎತ್ತರದ ಪ್ರಸ್ಥಭೂಮಿಯಿಂದ ಬಂದ ಒಂದು ಹಿಡಿ ಮಣ್ಣಿನ ಶಿಲೀಂಧ್ರದಿಂದ ಸ್ವಿಟ್ಸರ್ಲೆಂಡಿನ ಸ್ಯಾಂಡೋಜ್ ಕಂಪೆನಿಯವರು ಪಡೆದ, ನಿರಾಕರಣೆಯನ್ನು ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧವು ಈ ಇಕ್ಕಟ್ಟನ್ನು ಬಿಡಿಸಿತು. ಟೊರಾಂಟೊದ ಜೋಯಲ್ ಕೂಪರ್ ಸ್ಟೀರಾಯ್ಡನ್ನು ಹಿಂದಕ್ಕಿಟ್ಟು, ಕರುಳುಗಳನ್ನು ಹೊದೆದಿರುವ ಮೇದೋಮಯ ಪೊರೆಯನ್ನು ಎದೆಗೆ ತಂದು ಹೊಲಿಗೆಯ ಸುತ್ತ ಸುತ್ತಿ, 1983ರ ನವೆಂಬರ್ 7ರಂದು ಫೈಬ್ರೋಸಿಸ್ ರೋಗಿಯೊಬ್ಬನಿಗೆ ಒಂದು ಶ್ವಾಸಕೋಶವನ್ನು ಕೂಡಿಸಿದರು. ಅವನು ಆರು ವರ್ಷಕ್ಕೂ ಮೀರಿ ಬದುಕಿದನು. ಫೈಬ್ರೋಸಿಸ್ಸನ್ನೇ ಆರಿಸಿಕೊಂಡದ್ದರಲ್ಲಿ ಜಾಣ್ಮೆಯಿತ್ತು: ಉಳಿದ ಹಳೆಯ ಶ್ವಾಸಕೋಶವು ಬಿರುಸಾಗಿರುವುದರಿಂದ ಗಾಳಿಯೂ ರಕ್ತವೂ ತಾವಾಗಿಯೇ ಹೊಸದರ ಕಡೆಗೆ ಹರಿಯುತ್ತವೆ.

ಕಸಿಯಾದ ಮಾತ್ರಕ್ಕೆ ರೋಗಿಯು ನಿರೋಗಿಯಾದನೆಂದು ಹೇಳುವುದು ಸುಳ್ಳಾಗುತ್ತದೆ. ನಿರಾಕರಣೆಯನ್ನು ತಡೆಯುವ ಔಷಧಗಳನ್ನು ಬದುಕಿರುವವರೆಗೂ ಸೇವಿಸತಕ್ಕದ್ದು. ಅವುಗಳಿಂದ ಮೂತ್ರಪಿಂಡ ಕುಂದುವುದು, ಸಕ್ಕರೆ ಏರುವುದು, ಸೋಂಕು ಹತ್ತುವುದು ಸಾಮಾನ್ಯ. ಹೊರಗಿನ ಗಾಳಿಗೆ ತೆರೆದ ಅವಯವವಾದುದರಿಂದ ಸೋಂಕಿಗೂ ನಿರಾಕರಣೆಗೂ ಇದು ಬೇಗ ಬಲಿಯಾಗುತ್ತದೆ. ಕ್ರಮೇಣ ಸಣ್ಣ ಶ್ವಾಸನಾಳಗಳು ಮುಚ್ಚಿಕೊಳ್ಳುವ ದೀರ್ಘಕಾಲದ ನಿರಾಕರಣೆಗೆ ಇಂದಿಗೂ ಸಮರ್ಪಕವಾದ ಪರಿಹಾರವಿಲ್ಲ. ಲೋಕದ ಸರಾಸರಿಯಲ್ಲಿ ಅರ್ಧದಷ್ಟು ಜನ ಆರು ವರ್ಷಕ್ಕೂ ಹೆಚ್ಚು ಕಾಲ ಬಾಳುತ್ತಾರೆ. ಮೂತ್ರಪಿಂಡದ ಕಸಿಗೆ ಹೋಲಿಸಿದರೆ ಇದು ಕಡಿಮೆ. ಆದಕಾರಣ, ಕಸಿಯಿಲ್ಲದೆ ಎರಡು ವರ್ಷದೊಳಗೆ ಮರಣ ಹೊಂದುವ ಸಂಭವ ನೂರಕ್ಕೆ ಐವತ್ತನ್ನು ಮೀರಿದಾಗಲೇ ಕಸಿಯನ್ನು ಯೋಚಿಸಬೇಕೆಂದು ಅಂತರರಾಷ್ಟ್ರೀಯ ತಜ್ಞರ ನಿಯಮ. ಅದಕ್ಕಿಂತ ಬೇಗ ಮಾಡಿದರೆ ಇದ್ದ ಆಯುಸ್ಸನ್ನೇ ಕಳೆದಂತೆ. ತಡವಾದರೆ ಶಸ್ತ್ರಕ್ರಿಯೆಯನ್ನು ತಾಳಿಕೊಳ್ಳುವ ದೇಹಬಲವೇ ಉಳಿದಿರುವುದಿಲ್ಲ.

ಈ ಗಳಿಗೆಯನ್ನು ಗುರುತಿಸುವ ಸಾಧನಗಳಲ್ಲಿ ಅತ್ಯಂತ ಸರಳವಾದದ್ದಕ್ಕೆ ಯಂತ್ರವೇ ಬೇಡ ಎನ್ನಬಹುದು. ಆಸ್ಪತ್ರೆಯ 30 ಮೀಟರ್ ಉದ್ದದ ಸಮನೆಲದ ಓಣಿಯಲ್ಲಿ ರೋಗಿಯು ಆರು ನಿಮಿಷ ತನ್ನ ಶಕ್ತಿಯಿದ್ದಷ್ಟು ದೂರ ನಡೆಯುತ್ತಾನೆ, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ 95 ಇದ್ದದ್ದು 90ಕ್ಕೆ, 86ಕ್ಕೆ ಇಳಿಯುತ್ತದೆ, ಗೋಡೆ ಹಿಡಿದು ನಿಲ್ಲುತ್ತಾನೆ, ಗಡಿಯಾರ ನಿಲ್ಲುವುದಿಲ್ಲ, ಮತ್ತೆ ಹೆಜ್ಜೆಯಿಡುತ್ತಾನೆ. ಕಳೆದ ಸಲಕ್ಕಿಂತ ದೂರ ಕಡಿಮೆಯಾದರೆ, ಆಮ್ಲಜನಕ 88ಕ್ಕಿಂತ ಕೆಳಗಿಳಿದರೆ, ಎಚ್ಚರಿಕೆಯ ಗಂಟೆ ಬಾರಿಸಿತೆಂದೇ ತಿಳಿಯಬೇಕು.

ವೇಗದ ಪ್ರಶ್ನೆಯನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಅನುಭವವೇ ನಿದರ್ಶನ. 2005ರ ಮೇ ತಿಂಗಳವರೆಗೆ ಅಲ್ಲಿ ಮೊದಲು ಹೆಸರು ಬರೆಸಿದವನಿಗೆ ಮೊದಲು ಎಂಬ ನಿಯಮವಿತ್ತು. ನ್ಯಾಯವೆಂದು ಕಾಣುವ ಈ ಸರದಿಯಲ್ಲಿ ಮಂದಗಾಮಿಯಾದ ಎಂಫಿಸೀಮಾದವರು ಕಾದು ಶ್ವಾಸಕೋಶ ಪಡೆಯುತ್ತಿದ್ದರು, ಫೈಬ್ರೋಸಿಸ್ಸಿನವರು ಸರದಿಯಲ್ಲಿಯೇ ಸಾಯುತ್ತಿದ್ದರು. ಕಾದ ಕಾಲದ ಬದಲು ಅಗತ್ಯದ ತುರ್ತನ್ನೂ ಉಳಿಯುವ ಸಂಭವವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಂಕಪದ್ಧತಿ ಬಂದಮೇಲೆ ಸರದಿಯಲ್ಲಿನ ಸಾವುಗಳು ಇಳಿದವು, ಕಸಿ ಪಡೆಯುವವರಲ್ಲಿ ಫೈಬ್ರೋಸಿಸ್ಸಿನವರು ಮುಂದಾದರು.

ನಮ್ಮಲ್ಲಿ ಕಸಿಗೆ ಬರುವವರಲ್ಲಿ ಫೈಬ್ರೋಸಿಸ್ಸಿನವರೇ ಹೆಚ್ಚು. ಅವಯವ ಕಸಿಯ ಕಾನೂನು 1994ರಲ್ಲಿ ಬಂದಿತು. ಕರ್ನಾಟಕದಲ್ಲಿ ದಾನವಾದ ಅವಯವಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ಮಿದುಳು ನಿಷ್ಕ್ರಿಯವಾಗಿದೆಯೆಂದು ನಾಲ್ವರು ವೈದ್ಯರು ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ನಿರ್ಣಯಿಸಿದ ಮೇಲೆ, ಮನೆಯವರು ಒಪ್ಪಿದರಷ್ಟೆ ದಾನ. ಹಾಗೆ ಒಪ್ಪಿದರೂ ಅಪಘಾತದ ಪೆಟ್ಟು, ಸೋಂಕು, ವೆಂಟಿಲೇಟರಿನ ಒತ್ತಡಗಳಿಂದ ಶ್ವಾಸಕೋಶವು ಬೇಗ ಕೆಡುವುದರಿಂದ, ಲೋಕದ ಅನುಭವದಲ್ಲಿಯೂ ದಾನಿಗಳ ಪೈಕಿ ಸುಮಾರು ಐದರಲ್ಲೊಬ್ಬರ ಶ್ವಾಸಕೋಶ ಮಾತ್ರ ಬಳಕೆಗೆ ಬರುತ್ತದೆ. ಅದನ್ನೂ ಆರೆಂಟು ಗಂಟೆಯೊಳಗೆ ಕೂಡಿಸಬೇಕು, ರಕ್ತದ ಗುಂಪೂ ಎದೆಯ ಅಳತೆಯೂ ಹೊಂದಬೇಕು. ಖರ್ಚು ಹಲವು ಲಕ್ಷಗಳ ಮಾತು. ಆಜೀವ ಔಷಧದ ವೆಚ್ಚ ಅದರ ಮೇಲೆ. ಇಷ್ಟೆಲ್ಲ ಏರ್ಪಾಡಾಗಲು ಕಾಲ ಬೇಕು, ಆ ಕಾಲವೇ ತಡವಾಗಿ ಬಂದ ರೋಗಿಯ ಬಳಿ ಇರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ: ನಿಮ್ಮ ಮನೆಯಲ್ಲಿ ಯಾರಿಗಾದರೂ ಫೈಬ್ರೋಸಿಸ್ ಎಂದು ವೈದ್ಯರು ಹೇಳಿದರೆ, ಆಮ್ಲಜನಕದ ಸಿಲಿಂಡರು ಮನೆಗೆ ಬರುವವರೆಗೆ ಕಾಯದೆ, ಅದೇ ಭೇಟಿಯಲ್ಲಿಯೇ ಕಸಿ ಕೇಂದ್ರಕ್ಕೆ ಒಂದು ಪತ್ರ ಬರೆಸಿಕೊಳ್ಳಿರಿ, ಹೋಗಿ ತೋರಿಸಿ ಬಂದವರೆಲ್ಲರಿಗೂ ಕಸಿಯಾಗುವುದಿಲ್ಲ, ಆಗಲೂಬೇಕಾಗಿಲ್ಲ, ಹೆಸರು ಬರೆಸುವ ದಿನ ಯಾವುದೆಂದು ಅಲ್ಲಿಯವರು ನೋಡಿಕೊಳ್ಳುತ್ತಾರೆ.